ದೂರದ ಗುರಿಗೆ ಸ್ಪಾಟಿಂಗ್ ಸ್ಕೋಪ್: ತೂತು ಹುಡುಕುವ ಮೊದಲು ಗಾಳಿ ನೋಡಲು ಕಲಿಯಿರಿ

"1000 ಯಾರ್ಡ್ ಹೊಡೆಯೋಕೆ ಎಷ್ಟು ಎಕ್ಸ್ ಇರೋ ಸ್ಪಾಟಿಂಗ್ ಸ್ಕೋಪ್ ತಗೊಳ್ಳಲಿ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೇಳುವವರು ಹೆಚ್ಚಾಗಿ ಅಮೆರಿಕದಲ್ಲಿರುವ ಕನ್ನಡಿಗರು, ಹೊಸದಾಗಿ ರೈಫಲ್ ರೇಂಜಿಗೆ ಹೋಗಲು ಶುರು ಮಾಡಿದವರು. ಊರಿನಿಂದ ಕೇಳುವವರೂ ಇದ್ದಾರೆ, ಮಗನನ್ನೋ ಮಗಳನ್ನೋ 50 ಮೀಟರ್ ರೈಫಲ್ ಅಭ್ಯಾಸಕ್ಕೆ ಸೇರಿಸಿದ ಅಪ್ಪ-ಅಮ್ಮಂದಿರು. ಎಲ್ಲರಿಗೂ ಸೇರಿಸಿ ಒಂದೇ ಕಡೆ ಬರೆಯುತ್ತಿದ್ದೇನೆ. ಸ್ಪಾಟಿಂಗ್ ಸ್ಕೋಪ್ ಅಂದರೆ ರೈಫಲ್ಲಿಗೆ ಸಿಕ್ಕಿಸದೆ, ಬೇರೆ ಸ್ಟ್ಯಾಂಡಿನ ಮೇಲೆ ಇಟ್ಟು ಗುರಿಯನ್ನು ನೋಡುವ ದುರ್ಬೀನು. ಎಕ್ಸ್ ಅಂದರೆ ಅದು ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ ಅನ್ನುವ ಲೆಕ್ಕ.

ಚಿಕ್ಕ ಉತ್ತರ ಬೇಕಾದವರಿಗೆ ಮೊದಲೇ ಹೇಳಿಬಿಡುತ್ತೇನೆ. 60 ಎಕ್ಸ್ ಸ್ಕೋಪ್ ಕೊಂಡರೂ ಮುಕ್ಕಾಲು ಪಾಲು ಹೊತ್ತು ನೀವು ಅದನ್ನು 20ರಿಂದ 30 ಎಕ್ಸ್‌ನಲ್ಲೇ ಇಟ್ಟಿರುತ್ತೀರಿ. ಕಾರಣ, ದೂರದ ಗುರಿಯಲ್ಲಿ ಈ ಸಾಧನದ ದೊಡ್ಡ ಕೆಲಸ ಗಾಳಿಯನ್ನು ಓದುವುದು. ಟಾರ್ಗೆಟ್ಟಿನಲ್ಲಿ ಗುಂಡಿನ ತೂತು ಎಲ್ಲಿ ಬಿತ್ತು ಅಂತ ನೋಡುವುದು ಆಮೇಲಿನ ಮಾತು.

ಒಂದು ಲೆಕ್ಕ ನೋಡಿ. .308 ವಿಂಚೆಸ್ಟರ್ ರೈಫಲ್, 175 ಗ್ರೇನ್ (ಸುಮಾರು 11 ಗ್ರಾಂ) ತೂಕದ ಗುಂಡು, 1000 ಯಾರ್ಡ್, ಅಂದರೆ 914 ಮೀಟರ್. ನೇರ ಪಕ್ಕದಿಂದ ಬೀಸುವ ಗಾಳಿ ಗಂಟೆಗೆ ಬರೀ 1 ಮೈಲಿ ಹೆಚ್ಚಾದರೆ ಗುಂಡು ಸುಮಾರು 9ರಿಂದ 10 ಇಂಚು ಪಕ್ಕಕ್ಕೆ ಹೋಗುತ್ತದೆ. ಅಮೆರಿಕದ ಎಫ್-ಕ್ಲಾಸ್ ಸ್ಪರ್ಧೆಯಲ್ಲಿ, ಅಂದರೆ ಮಲಗಿ, ರೈಫಲ್ಲಿಗೆ ಊರುಗೋಲು ಕೊಟ್ಟು, ಟೆಲಿಸ್ಕೋಪ್ ಹಾಕಿ ಹೊಡೆಯುವ ಸ್ಪರ್ಧೆಯಲ್ಲಿ, ಈ ದೂರಕ್ಕೆ ಹತ್ತು ಅಂಕದ ವೃತ್ತದ ಅಗಲ 10 ಇಂಚು. ನಡುವಿನಿಂದ ಅಂಚಿಗೆ 5 ಇಂಚು ಮಾತ್ರ. ಗಂಟೆಗೆ 1 ಮೈಲಿ ಗಾಳಿಯ ವ್ಯತ್ಯಾಸ ಕೆನ್ನೆಗೆ ತಾಗಿದರೂ ಗೊತ್ತಾಗುವುದಿಲ್ಲ. ಸ್ಕೋಪ್‌ನಲ್ಲಿ ಗೊತ್ತಾಗುತ್ತದೆ.

ಮೊದಲು ಕಾನೂನಿನ ಮಾತು

ಎಚ್-1ಬಿ, ಎಫ್-1 ಥರದ ನಾನ್-ಇಮಿಗ್ರೆಂಟ್ ವೀಸಾದಲ್ಲಿ ಇರುವವರು ಇದನ್ನು ದಯವಿಟ್ಟು ಓದಿ. ಅಂಥವರು ಬಂದೂಕು ಮತ್ತು ಮದ್ದುಗುಂಡು ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ರಾಜ್ಯ ಸರ್ಕಾರದ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು, ಇನ್ನೂ ಕೆಲವು ವಿನಾಯಿತಿಗಳಿವೆ. ಗೆಳೆಯನ ರೈಫಲ್ಲು, ಐದೇ ನಿಮಿಷ ಹಿಡಿದೆ ಅನ್ನುವುದೂ ತೊಂದರೆಗೆ ದಾರಿಯಾಗಬಹುದು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಇಲ್ಲ. ಅನುಮಾನ ಇದ್ದರೆ ವಕೀಲರನ್ನು ಕೇಳಿ, ರೇಂಜಿನಲ್ಲಿ ಪಕ್ಕ ನಿಂತವರನ್ನಲ್ಲ.

ಸ್ಪಾಟಿಂಗ್ ಸ್ಕೋಪ್ ಮಾತ್ರ ಬಂದೂಕಲ್ಲ. ಗೆಳೆಯ ಹೊಡೆಯುವಾಗ ಹಿಂದೆ ಕೂತು ಗಾಳಿ ಓದಿ ಹೇಳಬಹುದು. ಗಾಳಿ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಏಕೆಂದರೆ ಟ್ರಿಗರ್ ಚಿಂತೆ ನಿಮ್ಮದಲ್ಲ.

ಹಂತ 1: ಸ್ಕೋಪ್ ಆರಿಸುವುದು

ಡಬ್ಬಿಯ ಮೇಲೆ "20-60×80" ಎಂದು ಇದ್ದರೆ 20ರಿಂದ 60 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಮುಂದಿನ ದೊಡ್ಡ ಗಾಜು 80 ಮಿ.ಮೀ. ಅಗಲ ಎಂದರ್ಥ. ಮುಂದಿನ ಗಾಜಿನ ಅಳತೆಯನ್ನು ಎಕ್ಸ್‌ನಿಂದ ಭಾಗಿಸಿ. ಬರುವ ಸಂಖ್ಯೆಗೆ ಎಕ್ಸಿಟ್ ಪ್ಯೂಪಿಲ್ ಅನ್ನುತ್ತಾರೆ, ಐಪೀಸ್‌ನಿಂದ, ಅಂದರೆ ಕಣ್ಣಿಟ್ಟು ನೋಡುವ ತುದಿಯಿಂದ, ನಿಮ್ಮ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ ಅದು. 80ನ್ನು 30ರಿಂದ ಭಾಗಿಸಿದರೆ 2.7 ಮಿ.ಮೀ., ಬಿಸಿಲಲ್ಲಿ ನಿಮ್ಮ ಕಣ್ಣಿನ ಪಾಪೆಗೆ ಆರಾಮಾಗಿ ಸಾಕು. 60ರಿಂದ ಭಾಗಿಸಿದರೆ 1.3. ಚಿತ್ರ ಮಂಕಾಗುತ್ತದೆ, ತಲೆ ಚೂರು ಅಲುಗಿದರೂ ಕಪ್ಪಾಗುತ್ತದೆ. ಮುಂದಿನ ಗಾಜು 80 ಮಿ.ಮೀ. ಆಸುಪಾಸು ಇರಲಿ. 60 ಅಥವಾ 65 ಕೂಡ ನಡೆಯುತ್ತದೆ, ಹೊರುವುದು ಹಗುರ.

ಐಪೀಸ್ 45 ಡಿಗ್ರಿ ಬಾಗಿದ್ದು ತಗೊಳ್ಳಿ. ಮಲಗಿ ಹೊಡೆಯುವವರಿಗೆ ನೇರ ಐಪೀಸ್ ಕುತ್ತಿಗೆಗೆ ಶಿಕ್ಷೆ. ಸ್ಕೋಪಿನ ಹೊಟ್ಟೆಗೆ ಒಂದು ಬಳೆ ಇರುತ್ತದೆ, ಅದನ್ನು ಸಡಿಲಿಸಿದರೆ ಇಡೀ ಸ್ಕೋಪ್ ಪಕ್ಕಕ್ಕೆ ಹೊರಳಿ ಐಪೀಸ್ ಕಣ್ಣಿನ ಕಡೆಗೆ ಬರುತ್ತದೆ. ಆ ಬಳೆ ಇಲ್ಲದ್ದು ಬೇಡ.

ಕನ್ನಡಕ ಹಾಕುವವರು ಐ-ರಿಲೀಫ್ ಎಷ್ಟು ಅಂತ ಕೇಳಿ. ಐಪೀಸ್‌ನಿಂದ ಕಣ್ಣು ಹೆಚ್ಚೆಂದರೆ ಎಷ್ಟು ದೂರ ಇದ್ದರೆ ಪೂರ್ತಿ ಚಿತ್ರ ಕಾಣುತ್ತದೆ ಅನ್ನುವ ಅಳತೆ ಅದು. 15 ಮಿ.ಮೀ.ಗಿಂತ ಕಡಿಮೆ ಇದ್ದರೆ ಕನ್ನಡಕದವರಿಗೆ ಬೀಗದ ರಂಧ್ರದಲ್ಲಿ ಇಣುಕಿದ ಹಾಗೆ. ಜೂಮ್ ಇಲ್ಲದ, 25ರಿಂದ 30 ಎಕ್ಸ್‌ನ ಒಂದೇ ಅಳತೆಯ ಐಪೀಸ್ ಸಿಕ್ಕರೆ ಬಿಡಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ನೋಟ ಅಗಲ, ಐ-ರಿಲೀಫ್ ಜಾಸ್ತಿ. ಹಳೆಯ ಸ್ಪರ್ಧಿಗಳು ಇವನ್ನೇ ಇಟ್ಟುಕೊಂಡಿರುತ್ತಾರೆ.

ಒಳಗೆ ಅಳತೆಯ ಗೆರೆಗಳಿರುವ ಸ್ಕೋಪ್ ಬರುತ್ತದೆ, ಅದಕ್ಕೆ ರೆಟಿಕಲ್ ಅನ್ನುತ್ತಾರೆ. ಇಬ್ಬರು ಜೊತೆಯಾಗಿ ಕಬ್ಬಿಣದ ತಟ್ಟೆಗೆ ಹೊಡೆಯುವವರಾದರೆ ಬೇಕು. ಕಾಗದದ ಟಾರ್ಗೆಟ್ಟಿಗೆ ಒಬ್ಬರೇ ಹೊಡೆಯುವವರಿಗೆ ಸುಮ್ನೆ ದುಡ್ಡು ದಂಡ.

ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಬಹಳ ಜನ ನಿರಾಸೆಯಾಗುವುದು ಇಲ್ಲೇ. .308 ಗುಂಡಿನ ತೂತು ಹೆಚ್ಚುಕಮ್ಮಿ 7.8 ಮಿ.ಮೀ. ಬಿಳಿ ಕಾಗದದ ಮೇಲೆ 200 ಯಾರ್ಡ್‌ನಲ್ಲಿ ಒಳ್ಳೆಯ ಸ್ಕೋಪ್ ಅದನ್ನು ಚೆನ್ನಾಗಿ ತೋರಿಸುತ್ತದೆ. 300 ಯಾರ್ಡ್‌ನಲ್ಲಿ ಬೆಳಕು, ಬಿಸಿಲು, ಹೊತ್ತು ನೋಡಿಕೊಂಡು ಕಾಣಬಹುದು, ಕಾಣದೇ ಇರಬಹುದು. 600ರಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಗಾಜಿಗೆ ಆ ಶಕ್ತಿ ಇದ್ದರೂ ನಡುವಿನ ಬಿಸಿಗಾಳಿ ಬಿಡುವುದಿಲ್ಲ. ಇನ್ನಷ್ಟು ದುಬಾರಿ ಸ್ಕೋಪ್ ಕೊಂಡರೆ ಕಾಣುತ್ತದೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಗಾಳಿ ನಿಮ್ಮ ಅಂಗಡಿ ಬಿಲ್ ನೋಡುವುದಿಲ್ಲ.

ಹಾಗಾದರೆ 1000 ಯಾರ್ಡ್‌ನಲ್ಲಿ ಹೇಗೆ? ಟಾರ್ಗೆಟ್ಟಿನ ಕೆಳಗೆ ಹಳ್ಳ ಇರುತ್ತದೆ, ಪಿಟ್ ಅನ್ನುತ್ತಾರೆ. ಒಂದು ಗುಂಡು ಬಿದ್ದ ಮೇಲೆ ಅಲ್ಲಿರುವವರು ಟಾರ್ಗೆಟ್ ಕೆಳಗಿಳಿಸಿ, ತೂತಿಗೆ ಅಂಗೈ ಅಗಲದ ಬಿಲ್ಲೆ ಸಿಕ್ಕಿಸಿ, ಮತ್ತೆ ಮೇಲೆತ್ತುತ್ತಾರೆ. ನೀವು ನೋಡುವುದು ಆ ಬಿಲ್ಲೆಯನ್ನು. ಈಗ ಎಲೆಕ್ಟ್ರಾನಿಕ್ ಟಾರ್ಗೆಟ್ ಬಂದಿರುವ ಕಡೆ ಅದೂ ಬೇಡ, ಗುಂಡು ಬಿದ್ದ ಜಾಗ ಟ್ಯಾಬ್ಲೆಟ್ಟಿನಲ್ಲೇ ಬರುತ್ತದೆ. "ಹಾಗಾದರೆ ಸ್ಕೋಪ್ ಯಾಕೆ?" ಅಂತ ಕೇಳುತ್ತಾರೆ. ಅಂಥ ರೇಂಜಿನಲ್ಲೂ ಅನುಭವಿಗಳ ಪಕ್ಕ ಸ್ಕೋಪ್ ಇದ್ದೇ ಇರುತ್ತದೆ. ಅವರು ಅದರಲ್ಲಿ ನೋಡುವುದು ಬರೀ ಗಾಳಿಯನ್ನು.

ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿ ಬೆಳೆದವರಿಗೆ ಇದೆಲ್ಲ ಹೊಸದು ಅನಿಸಬಹುದು. ಅಲ್ಲಿ ಕಾಯಿ ಒಡೆದರೆ ನಿಂತ ಎಲ್ಲರಿಗೂ ಕಾಣುತ್ತದೆ.

ಊರಿನ 50 ಮೀಟರ್ ಅಭ್ಯಾಸದವರಿಗೆ ಲೆಕ್ಕ ಬೇರೆ. .22 ಗುಂಡು 5.6 ಮಿ.ಮೀ., ಹತ್ತರ ವೃತ್ತ 10.4 ಮಿ.ಮೀ. ಕಾಗದದ ಟಾರ್ಗೆಟ್ ಆದರೆ 20ರಿಂದ 25 ಎಕ್ಸ್, 60 ಮಿ.ಮೀ. ಗಾಜಿನ ಸಾಧಾರಣ ಸ್ಕೋಪ್ ಸಾಕು. ಉಳಿದ ದುಡ್ಡನ್ನು ಮದ್ದುಗುಂಡಿಗೆ ಹಾಕಿ. .22 ಗುಂಡನ್ನು 50 ಮೀಟರ್‌ನಲ್ಲೂ ಗಾಳಿ ತಳ್ಳುತ್ತದೆ, ಹಾಗಾಗಿ ಕೆಳಗಿನ 4ನೇ ಹಂತ ಆ ಮಕ್ಕಳಿಗೂ ಬೇಕು.

ಹಂತ 2: ನಿಲ್ಲಿಸುವುದು

ಸ್ಕೋಪಿಗೆ ಸುರಿದ ದುಡ್ಡು ಕಳಪೆ ಟ್ರೈಪಾಡ್‌ನಿಂದ ಮಣ್ಣು ಪಾಲಾಗುತ್ತದೆ. 30 ಎಕ್ಸ್‌ನಲ್ಲಿ ನೋಡುವಾಗ ನಡುಕವೂ 30 ಪಟ್ಟು ದೊಡ್ಡದಾಗಿ ಕಾಣುತ್ತದೆ, ಅಲ್ವಾ? ಟ್ರೈಪಾಡ್ ಆದರೆ ನಡುವಿನ ಕಂಬ ಎತ್ತಬೇಡಿ, ಕಾಲುಗಳನ್ನು ಅಗಲಿಸಿ ತಗ್ಗಿನಲ್ಲಿ ಇಡಿ, ಗಾಳಿ ಜೋರಿದ್ದರೆ ಕೆಳಗೆ ಒಂದು ಚೀಲ ನೇತುಹಾಕಿ. ಮಲಗಿ ಹೊಡೆಯುವವರು ಭಾರದ ತಳದ ಮೇಲೆ ಒಂದೇ ಕಂಬಿ ಇರುವ ಸ್ಟ್ಯಾಂಡ್ ಬಳಸುತ್ತಾರೆ. ಸ್ಕೋಪನ್ನು ಕಂಬಿಯ ಮೇಲೆ ಜಾರಿಸಿ ಎತ್ತರ ಸರಿಮಾಡಬಹುದು.

ಒಬ್ಬರೇ ಹೊಡೆಯುವಾಗ ಹೀಗೆ ಮಾಡಿ. ಬಲಗಣ್ಣಿನಿಂದ ಗುರಿ ಹಿಡಿಯುವವರಾದರೆ ಸ್ಕೋಪ್ ಎಡಕ್ಕೆ ಇರಲಿ. ಮೊದಲು ಖಾಲಿ ರೈಫಲ್ ಹಿಡಿದು ನಿಮ್ಮ ಭಂಗಿಯಲ್ಲಿ ಪೂರ್ತಿ ಮಲಗಿ. ಕೆನ್ನೆ ರೈಫಲ್ಲಿನ ಮೇಲೆ ಇದ್ದಂತೆಯೇ, ತಲೆಯನ್ನು ಚೂರೇ ಹೊರಳಿಸಿದರೆ ಎಡಗಣ್ಣಿಗೆ ಐಪೀಸ್ ಸಿಗಬೇಕು. ಎದ್ದು, ಮೊಣಕೈ ಎತ್ತಿ, ಕುತ್ತಿಗೆ ಚಾಚಿ ನೋಡಬೇಕಾದರೆ ಜಾಗ ತಪ್ಪು. ಪ್ರತಿ ಸಲ ಭಂಗಿ ಕೆಟ್ಟರೆ ಪ್ರತಿ ಗುಂಡೂ ಬೇರೆ ಬೇರೆ ಕಡೆ ಹೋಗುತ್ತದೆ, ನೀವು ಗಾಳಿಯನ್ನು ಬೈಯುತ್ತಾ ಇರುತ್ತೀರಿ.

ಇನ್ನೊಬ್ಬರಿಗಾಗಿ ನೋಡುವವರು ಪಕ್ಕದಲ್ಲಿ ಕೂರಬಾರದು. ಹೊಡೆಯುವವರ ನೇರ ಹಿಂದೆ, ರೈಫಲ್ ನಳಿಕೆಯ ಗೆರೆಗಿಂತ ಚೂರು ಮೇಲೆ ಸ್ಕೋಪ್ ಇರಲಿ. ಇದರ ಉಪಯೋಗ 6ನೇ ಹಂತದಲ್ಲಿ ಗೊತ್ತಾಗುತ್ತದೆ. ಕಿವಿಗೆ, ಕಣ್ಣಿಗೆ ರಕ್ಷಣೆ ನಿಮಗೂ ಕಡ್ಡಾಯ. ನಳಿಕೆಯ ತುದಿಗೆ ಮಝಲ್ ಬ್ರೇಕ್, ಅಂದರೆ ರೈಫಲ್ಲಿನ ಒದೆತ ತಗ್ಗಿಸುವ ಸಾಧನ, ಇದ್ದರೆ ಸದ್ದು, ಹೊಗೆ ಎಲ್ಲ ಹಿಂದಕ್ಕೆ ಮತ್ತು ಪಕ್ಕಕ್ಕೆ ಬರುತ್ತದೆ. ಬರೀ ನೋಡಲು ಬಂದವನು ಅಂತ ಕಿವಿ ಮುಚ್ಚದೆ ಕೂತರೆ ಹೋದ ಕಿವಿ ವಾಪಸ್ ಬರುವುದಿಲ್ಲ.

ಹಂತ 3: ಟಾರ್ಗೆಟ್ ಹುಡುಕುವುದು, ಫೋಕಸ್

ಯಾವಾಗಲೂ ಅತಿ ಕಡಿಮೆ ಎಕ್ಸ್‌ನಿಂದ ಶುರು ಮಾಡಿ. ನಿಮ್ಮ ಟಾರ್ಗೆಟ್ಟಿನ ನಂಬರ್ ಹಲಗೆ ಓದಿ. ಸಾಲಾಗಿ ಒಂದೇ ಥರದ ಹತ್ತಾರು ಟಾರ್ಗೆಟ್ ನಿಂತಿರುತ್ತವೆ. ಪಕ್ಕದವರದಕ್ಕೆ ಹೊಡೆದರೆ ಅದು ಕ್ರಾಸ್‌ಫೈರ್, ನಿಮಗೆ ಸೊನ್ನೆ. ಅನುಭವಿಗಳಿಗೂ ಆಗುತ್ತದೆ. ಸ್ಕೋಪಿನಲ್ಲಿ ಒಂದು ನಂಬರ್, ರೈಫಲ್ಲಿನಲ್ಲಿ ಇನ್ನೊಂದು ನಂಬರ್ ನೋಡುತ್ತಾ ಕೂರುವುದು ಇದಕ್ಕೆ ದೊಡ್ಡ ಕಾರಣ. ಎರಡರಲ್ಲೂ ನಂಬರ್ ಓದಿ ಖಾತ್ರಿ ಮಾಡಿಕೊಳ್ಳಿ.

ಆಮೇಲೆ ಟಾರ್ಗೆಟ್ಟಿನ ಅಂಚು ಚೂಪಾಗಿ ಕಾಣುವ ತನಕ ಫೋಕಸ್ ತಿರುಗಿಸಿ. ಆ ಜಾಗ ಗುರುತಿಟ್ಟುಕೊಳ್ಳಿ, ಫೋಕಸ್ ಚಕ್ರದ ಮೇಲೆ ಸಣ್ಣ ಬಿಳಿ ಚುಕ್ಕೆ ಹಾಕಿದರೂ ಸರಿ. ಎಕ್ಸ್ ಹೆಚ್ಚಿಸುತ್ತಾ ಹೋಗಿ, ಚಿತ್ರ ಕುದಿಯಲು ಶುರುವಾದ ಕೂಡಲೇ ಒಂದು ಹೆಜ್ಜೆ ಹಿಂದೆ ಬನ್ನಿ. ಆ ದಿನಕ್ಕೆ ಅದೇ ನಿಮ್ಮ ಎಕ್ಸ್. ಬೆಳಗ್ಗೆ 40 ಸಿಕ್ಕಿದ್ದು ಮಧ್ಯಾಹ್ನ 22ಕ್ಕೆ ಇಳಿಯಬಹುದು. ಸ್ಕೋಪ್ ಕೆಟ್ಟಿಲ್ಲ, ನೆಲ ಕಾದಿದೆ.

ಹಂತ 4: ಮಿರಾಜ್ ಓದುವುದು

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಬೇಸಿಗೆಯಲ್ಲಿ ಹಿರಿಯೂರು-ಚಿತ್ರದುರ್ಗದ ನಡುವೆ ಡಾಂಬರು ರಸ್ತೆಯ ಮೇಲೆ ನಡುಗುವ ಬಿಸಿಲ್ಗುದುರೆ ನೋಡಿರುತ್ತೀರಿ. ರೇಂಜಿನಲ್ಲೂ ಅದೇ ಏಳುತ್ತದೆ. ಕಾದ ನೆಲದಿಂದ ಏಳುವ ಬಿಸಿಗಾಳಿ ಬೆಳಕನ್ನು ಬಾಗಿಸುತ್ತದೆ, ಸ್ಕೋಪಿನಲ್ಲಿ ಅದು ಅಲೆ ಅಲೆಯಾಗಿ ಕಾಣುತ್ತದೆ. ಶೂಟರ್‌ಗಳು ಇದಕ್ಕೆ ಮಿರಾಜ್ ಅನ್ನುತ್ತಾರೆ. ಗಾಳಿ ಬೀಸಿದರೆ ಆ ಅಲೆ ಗಾಳಿಯ ಜೊತೆಗೇ ಹರಿಯುತ್ತದೆ.

ಮಿರಾಜ್ ಕಾಣಬೇಕಾದರೆ ಫೋಕಸ್ ಟಾರ್ಗೆಟ್ಟಿನ ಮೇಲೆ ಇರಬಾರದು. ಮೊದಲು ಟಾರ್ಗೆಟ್ಟಿಗೆ ಫೋಕಸ್ ಮಾಡಿ, ಆಮೇಲೆ ಚಕ್ರವನ್ನು ಹತ್ತಿರದ ಕಡೆಗೆ ನಿಧಾನವಾಗಿ, ಸುಮಾರು ಕಾಲು ಸುತ್ತಿನವರೆಗೆ ತಿರುಗಿಸಿ. ಟಾರ್ಗೆಟ್ ಚೂರು ಮಸುಕಾಗುತ್ತದೆ, ನಡುದಾರಿಯ ಅಲೆಗಳು ಎದ್ದು ಕಾಣುತ್ತವೆ. ಕೆಲವು ಸ್ಕೋಪಿನಲ್ಲಿ ಚಕ್ರ ತುಂಬಾ ವೇಗ, ಒಂದು ಕೂದಲೆಳೆ ತಿರುಗಿಸಿದರೆ ಸಾಕು. ಟಾರ್ಗೆಟ್ಟಿನ ಮೇಲಂಚಿನ ಗೆರೆಯನ್ನು ನೋಡಿ, ಅಲ್ಲಿ ಅಲೆ ಹರಿಯುವುದು ಸುಲಭವಾಗಿ ಗೊತ್ತಾಗುತ್ತದೆ.

ಇನ್ನು ವೇಗ. ಅಲೆ ನೇರ ಮೇಲಕ್ಕೆ ಕುದಿಯುತ್ತಿದ್ದರೆ ಗಾಳಿ ಇಲ್ಲ, ಅಥವಾ ಗಾಳಿ ನೇರ ಎದುರಿಂದಲೋ ಹಿಂದಿನಿಂದಲೋ ಬರುತ್ತಿದೆ. ಇದಕ್ಕೆ ಬಾಯ್ಲ್ ಅನ್ನುತ್ತಾರೆ. ಅಲೆ ಚೂರು ವಾಲಿದರೆ ಗಂಟೆಗೆ 1ರಿಂದ 3 ಮೈಲಿ. 45 ಡಿಗ್ರಿಯಷ್ಟು ವಾಲಿದರೆ 4ರಿಂದ 7. ಪೂರ್ತಿ ಅಡ್ಡ ಮಲಗಿ ಓಡುತ್ತಿದ್ದರೆ 8ರಿಂದ 12. ಅದಕ್ಕಿಂತ ಜೋರಾದರೆ ಅಲೆಗಳು ಚಪ್ಪಟೆಯಾಗಿ ವ್ಯತ್ಯಾಸವೇ ತಿಳಿಯುವುದಿಲ್ಲ, ಆಗ ಬಾವುಟ, ಹುಲ್ಲು, ಮರ ನೋಡಬೇಕು. ಇವು ಅಂದಾಜಿನ ಅಂಕಿಗಳು. ನಿಮ್ಮ ರೇಂಜಿನಲ್ಲಿ, ನಿಮ್ಮ ಸ್ಕೋಪಿನಲ್ಲಿ, ಕೈಯಲ್ಲಿ ಹಿಡಿಯುವ ಗಾಳಿ ಅಳೆಯುವ ಮೀಟರ್ ಜೊತೆ ಹೋಲಿಸಿ ಕಣ್ಣು ಪಳಗಿಸಿಕೊಳ್ಳಬೇಕು.

ಗಾಳಿ ಯಾವ ಕೋನದಿಂದ ಬರುತ್ತಿದೆ ಅಂತ ತಿಳಿಯಲು ಒಂದು ಒಳ್ಳೆಯ ಉಪಾಯ ಇದೆ. ಸ್ಕೋಪನ್ನು ಸ್ಟ್ಯಾಂಡಿನ ಮೇಲೆ ನಿಧಾನವಾಗಿ ಪಕ್ಕಕ್ಕೆ ತಿರುಗಿಸುತ್ತಾ ಹೋಗಿ. ಯಾವ ದಿಕ್ಕಿನಲ್ಲಿ ಅಲೆ ಅಡ್ಡ ಹರಿಯುವುದು ನಿಂತು ನೇರ ಮೇಲಕ್ಕೆ ಕುದಿಯುತ್ತದೋ, ಗಾಳಿ ಆ ಗೆರೆಯಲ್ಲೇ ಇದೆ.

ಎಡವುವ ಜಾಗಗಳು

ಬಾಯ್ಲ್‌ನಲ್ಲಿ ಹೊಡೆಯಬೇಡಿ. ಗಾಳಿ ನಿಂತಿದೆ, ಈಗ ಹೊಡೆದರೆ ಸಲೀಸು ಅನಿಸುತ್ತದೆ. ಅದು ಎಡದಿಂದ ಬಲಕ್ಕೆ ತಿರುಗುವ ಮುಂಚಿನ ಕ್ಷಣ ಆಗಿರುವುದು ಜಾಸ್ತಿ. ಟ್ರಿಗರ್ ಎಳೆಯುವ ಹೊತ್ತಿಗೆ ಗಾಳಿ ಇನ್ನೊಂದು ಕಡೆಯಿಂದ ಶುರುವಾಗಿರುತ್ತದೆ. ಆ ದಿನ ಹೆಚ್ಚು ಹೊತ್ತು ಇರುವ ಗಾಳಿ ಯಾವುದು ಅಂತ ಐದು ನಿಮಿಷ ಸುಮ್ಮನೆ ನೋಡಿ, ಅದು ಮರಳಿ ಬಂದಾಗ ಹೊಡೆಯಿರಿ.

ರೈಫಲ್ ನಳಿಕೆ ಕಾದಾಗ ಅದರ ಮೇಲೂ ಬಿಸಿ ಏಳುತ್ತದೆ. ರೈಫಲ್ಲಿನ ಟೆಲಿಸ್ಕೋಪಿನಲ್ಲಿ ಕಾಣುವ ಅಲೆ ಅದೇ ಆಗಿರಬಹುದು, ಅದಕ್ಕೂ ಗುಂಡು ಹೋಗುವ ದಾರಿಯ ಗಾಳಿಗೂ ಸಂಬಂಧ ಇಲ್ಲ. ನಳಿಕೆಯ ಮೇಲೆ ಉದ್ದಕ್ಕೆ ಒಂದು ಪಟ್ಟಿ ಕಟ್ಟುವುದು ಇದಕ್ಕೇ. ಸ್ಪಾಟಿಂಗ್ ಸ್ಕೋಪ್ ಕೂಡ ಯಾರದೋ ಕಾದ ನಳಿಕೆಯ ಮೇಲಿಂದ ನೋಡುವಂತೆ ಇಡಬೇಡಿ.

ಬರೀ ಟಾರ್ಗೆಟ್ ಬಳಿಯ ಗಾಳಿ ನೋಡುವುದು ಇನ್ನೊಂದು ತಪ್ಪು. ಉಳಿದದ್ದೆಲ್ಲ ಒಂದೇ ಇದ್ದರೆ, ನಿಮ್ಮ ಹತ್ತಿರದ ಗಾಳಿ ಗುಂಡನ್ನು ಹೆಚ್ಚು ದೂರ ಸರಿಸುತ್ತದೆ, ಏಕೆಂದರೆ ಅಲ್ಲಿ ಪಕ್ಕಕ್ಕೆ ಸಿಕ್ಕ ತಳ್ಳು ಕೊನೆಯವರೆಗೂ ಜೊತೆಗೆ ಬರುತ್ತದೆ. ಫೋಕಸ್ಸನ್ನು ಹತ್ತಿರ, ನಡು, ದೂರ ಅಂತ ಮೂರು ಕಡೆ ಸರಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಎಲ್ಲ ಕಡೆ ಗಾಳಿ ಒಂದೇ ದಿಕ್ಕಿಗೆ ಇರುತ್ತದೆ ಅಂದುಕೊಳ್ಳಬೇಡಿ. ಒಹಾಯೊದ ಕ್ಯಾಂಪ್ ಪೆರಿಯಲ್ಲಿ 1907ರಿಂದ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಗಳು ನಡೆಯುತ್ತಿವೆ, ಆ ರೇಂಜ್ ಇರುವುದು ಈರಿ ಸರೋವರದ ದಡದಲ್ಲೇ. ಅಂಥ ಜಾಗದಲ್ಲಿ ನೀರಿನ ಕಡೆಯಿಂದ ಬರುವ ಗಾಳಿ ಹೊತ್ತಿಗೊಂದು ಥರ ಆಡುತ್ತದೆ.

ಹಂತ 5: ಗಾಳಿಯನ್ನು ಅಂಕಿಗೆ ತರುವುದು

ಟಾರ್ಗೆಟ್ ಇರುವ ದಿಕ್ಕು 12 ಗಂಟೆ ಅಂದುಕೊಳ್ಳಿ. 3 ಅಥವಾ 9 ಗಂಟೆಯಿಂದ ಬಂದ ಗಾಳಿಗೆ ಪೂರ್ತಿ ಬೆಲೆ, ಅಂದರೆ ಅದರ ಇಡೀ ವೇಗ ಲೆಕ್ಕಕ್ಕೆ ಬರುತ್ತದೆ. 12 ಮತ್ತು 6ಕ್ಕೆ ಪಕ್ಕದ ಲೆಕ್ಕದಲ್ಲಿ ಸೊನ್ನೆ. 1 ಗಂಟೆಯದಕ್ಕೆ ಅರ್ಧ. 2 ಗಂಟೆಯದನ್ನೂ ಅರ್ಧ ಅಂತ ಹಿಡಿಯುವವರು ಬಹಳ, ಅದು ತಪ್ಪು. 2 ಗಂಟೆಯ ಗಾಳಿಗೆ ನೂರಕ್ಕೆ 87ರಷ್ಟು ಬೆಲೆ, ಪೂರ್ತಿ ಅಂತಲೇ ಹಿಡಿದರೂ ದೊಡ್ಡ ನಷ್ಟ ಇಲ್ಲ.

ಗಾಳಿಗೆ ತಕ್ಕಂತೆ ಗುರಿಯನ್ನು ಎಷ್ಟು ಸರಿಸಬೇಕು ಅನ್ನುವ ತಿದ್ದುಪಡಿಯನ್ನು ಎಂಒಎ ಅಥವಾ ಮಿಲ್‌ನಲ್ಲಿ ಹೇಳುತ್ತಾರೆ. ಎಂಒಎ ಎಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ, 100 ಯಾರ್ಡ್‌ನಲ್ಲಿ 1.047 ಇಂಚು, 1000 ಯಾರ್ಡ್‌ನಲ್ಲಿ ಹತ್ತೂವರೆ ಇಂಚು. ಮಿಲ್ ಎಂದರೆ 100 ಮೀಟರ್‌ನಲ್ಲಿ 10 ಸೆಂ.ಮೀ. ರೈಫಲ್ಲಿನ ಟೆಲಿಸ್ಕೋಪ್ ಯಾವುದರಲ್ಲಿ ಇದೆಯೋ ಸ್ಪಾಟಿಂಗ್ ಸ್ಕೋಪಿನ ಗೆರೆಗಳೂ ಅದರಲ್ಲೇ ಇರಬೇಕು. ಒಂದು ಮಿಲ್, ಇನ್ನೊಂದು ಎಂಒಎ ಆದರೆ ಗುಂಡು ಹೊಡೆಯುವ ಬದಲು ಗುಣಾಕಾರ ಮಾಡುತ್ತಾ ಕೂರುತ್ತೀರಿ.

ಹಂತ 6: ಗುಂಡನ್ನು ನೋಡುವುದು, ಹೇಳುವುದು

ನೇರ ಹಿಂದೆ ಕೂತು, ಫೋಕಸ್ಸನ್ನು ಟಾರ್ಗೆಟ್ಟಿಗಿಂತ ಚೂರು ಈಚೆಗೆ ಇಟ್ಟರೆ, ಗುಂಡು ಗಾಳಿಯನ್ನು ಸೀಳಿಕೊಂಡು ಹೋಗುವ ಜಾಡು ಕಾಣುತ್ತದೆ. ಇದಕ್ಕೆ ಟ್ರೇಸ್ ಅನ್ನುತ್ತಾರೆ. ಗಾಜಿನ ಮೇಲೆ ನೀರಿನ ಗೆರೆ ಎಳೆದಂತೆ ಮೇಲೆದ್ದು, ಬಾಗಿ, ಗುರಿಯ ಕಡೆ ಇಳಿಯುತ್ತದೆ. ಮೊದಲ ದಿನವೇ ಕಾಣದಿದ್ದರೆ ಬೇಜಾರು ಬೇಡ. ಎಕ್ಸ್ ಕಡಿಮೆ ಮಾಡಿ, ನೋಟ ಅಗಲವಾಗಲಿ, ಆಗ ಕಣ್ಣಿಗೆ ಸಿಗುತ್ತದೆ. ಗುಂಡು ತಪ್ಪಿ ಮಣ್ಣಿಗೆ ಬಿದ್ದಾಗ ಏಳುವ ಧೂಳಿಗಿಂತ ಟ್ರೇಸ್ ನಂಬಿಕೆಗೆ ಯೋಗ್ಯ. ಗುರಿಯ ಹಿಂದಿನ ಗುಡ್ಡೆಯಲ್ಲಿ ಎದ್ದ ಧೂಳು ಗುಂಡು ಎಷ್ಟು ಮೇಲೆ ಹೋಯಿತು ಅನ್ನುವುದನ್ನು ಸರಿಯಾಗಿ ಹೇಳುವುದಿಲ್ಲ.

ಮಾತಿನ ಕ್ರಮ ಹೀಗಿರಲಿ. ಹೊಡೆದವರು ಮೊದಲು ತಮ್ಮ ಅಂದಾಜು ಹೇಳಬೇಕು: "3 ಗಂಟೆಗೆ ಎಳೀತು", ಅಂದರೆ ಟಾರ್ಗೆಟ್ಟನ್ನು ಗಡಿಯಾರ ಅಂದುಕೊಂಡರೆ ಬಲಕ್ಕೆ. ಆಮೇಲೆ ನೀವು ಕಂಡದ್ದು ಹೇಳಿ: "ಬಲಕ್ಕೆ ಅರ್ಧ ಮಿಲ್". ಎರಡೂ ಹೊಂದಿದರೆ ತಪ್ಪು ಕೈಯದು, ಗಾಳಿ ತಿದ್ದಬೇಡಿ. ಹೊಂದದಿದ್ದರೆ ಗಾಳಿ ಬದಲಾಗಿದೆ. "ಸ್ವಲ್ಪ ಎಡಕ್ಕೆ ಹಿಡಿ" ಅನ್ನುವ ಮಾತೇ ಬೇಡ, ಸ್ವಲ್ಪ ಅಂದರೆ ಎಷ್ಟು?

ವೈಯಕ್ತಿಕ ಸ್ಪರ್ಧೆಯಲ್ಲಿ ಹೀಗೆ ಹೇಳಿಕೊಡುವ ಹಾಗಿಲ್ಲ ಎಂಬ ನಿಯಮ ಹಲವು ಕಡೆ ಇದೆ, ಮೊದಲೇ ಕೇಳಿ. ತಂಡದ ಸ್ಪರ್ಧೆಯ ಕಥೆ ಬೇರೆ, ಅಲ್ಲಿ ಗಾಳಿ ಓದುವ ಕೋಚ್ ಇರುತ್ತಾರೆ. ಇಂಗ್ಲೆಂಡಿನ ಬಿಸ್ಲಿ ರೇಂಜಿನಲ್ಲಿ 300, 500, 600 ಯಾರ್ಡ್‌ಗಳಲ್ಲಿ ಎಂಟು ಜನರ ತಂಡಗಳು ಹೊಡೆಯುವ ಕೊಲಾಪೋರ್ ಕಪ್ ಅಂಥದ್ದು. ಅದು 1871ರಲ್ಲಿ ಶುರುವಾದದ್ದು, ಹೆಸರು ನಮ್ಮ ಬೆಳಗಾವಿ ಪಕ್ಕದ ಕೊಲ್ಹಾಪುರದ ರಾಜರಿಂದ ಬಂದದ್ದು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರಲ್ಲಿ 50 ಮೀಟರ್ ರೈಫಲ್ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೂಡ ಅದೇ ಕೊಲ್ಹಾಪುರ ಜಿಲ್ಲೆಯವರು.

ಹಂತ 7: ಬರೆದಿಡುವುದು, ಕಾಪಾಡುವುದು

ಪ್ರತಿ ಗುಂಡಿಗೂ ಒಂದು ಸಾಲು ಬರೆಯಿರಿ: ಮಿರಾಜ್ ಹೇಗಿತ್ತು, ಗಾಳಿಗೆ ಎಷ್ಟು ತಿದ್ದುಪಡಿ ಹಾಕಿದಿರಿ, ಎಲ್ಲಿ ಬಿತ್ತು. ಇದನ್ನು ಮಾಡದವರು ವರ್ಷಗಟ್ಟಲೆ ಅಲ್ಲೇ ಇರುತ್ತಾರೆ, ಇದು ನನ್ನ ಗಟ್ಟಿ ಅಭಿಪ್ರಾಯ.

ನೋಡುವಾಗ ಎರಡೂ ಕಣ್ಣು ತೆರೆದಿರಲಿ. ಒಂದನ್ನು ಬಿಗಿಯಾಗಿ ಮುಚ್ಚಿದರೆ ಅರ್ಧ ಗಂಟೆಯಲ್ಲಿ ತಲೆನೋವು ಶುರು. ಸ್ಕೋಪನ್ನು ಸೂರ್ಯನ ಕಡೆ ಯಾವತ್ತೂ ತಿರುಗಿಸಬೇಡಿ, ಕಣ್ಣು ಹೋಗುತ್ತದೆ. ಸೀಸ್-ಫೈರ್, ಅಂದರೆ ಹೊಡೆಯುವುದು ನಿಲ್ಲಿಸಿ, ಎಂದು ಕೂಗಿದ ಮೇಲೆ ಜನ ಟಾರ್ಗೆಟ್ ಕಡೆ ನಡೆಯುತ್ತಿರುತ್ತಾರೆ. ಆಗ ರೈಫಲ್ ಮುಟ್ಟುವ ಹಾಗಿಲ್ಲ, ಅದರ ಟೆಲಿಸ್ಕೋಪಿನಲ್ಲಿ ನೋಡುವ ಹಾಗೂ ಇಲ್ಲ. ಸ್ಪಾಟಿಂಗ್ ಸ್ಕೋಪಿನಲ್ಲಿ ನೋಡಬಹುದೇ ಅಂತ ರೇಂಜ್ ಆಫೀಸರನ್ನು ಕೇಳಿ. ಕೆಲವು ಕಡೆ ಬೆಂಚಿನ ಹತ್ತಿರ ಹೋಗಲೂ ಬಿಡುವುದಿಲ್ಲ, ಅದು ಒಳ್ಳೆಯ ನಿಯಮ.

ಗಾಜು ಒರೆಸುವ ಮೊದಲು ಊದುವ ಬಲ್ಬಿನಿಂದ ಧೂಳು ಹಾರಿಸಿ, ಆಮೇಲಷ್ಟೇ ಲೆನ್ಸ್ ಬಟ್ಟೆ. ಅಂಗಿಯ ತುದಿ, ಕರವಸ್ತ್ರ ಬೇಡ, ಮರಳಿನ ಕಣ ಗೀರು ಹಾಕುತ್ತದೆ. ಊರಿಗೆ ತಂದಿಟ್ಟು ಮಡಿಕೇರಿಯಲ್ಲೋ ಮಂಗಳೂರಿನಲ್ಲೋ ಮಳೆಗಾಲ ಕಳೆಯಬೇಕಾದರೆ ಒದ್ದೆ ಚೀಲದಲ್ಲಿ ಮುಚ್ಚಿಡಬೇಡಿ, ಲೆನ್ಸಿಗೆ ಫಂಗಸ್ ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ತಿಂಗಳಿಗೊಮ್ಮೆ ಪೊಟ್ಟಣ ಬದಲಿಸಿ.